ತಳಕಾಡು ಗೆದ್ದವನ ಹೊನ್ನು ಮತ್ತು ಕಿತ್ತೂರಿನ ಸೆರೆಯಾಳು

ಪ್ರೀತಿಯ ಮಂಜು,

ನಮ್ಮ ಕಡೆಯ ಹಳೇ ನಾಣ್ಯಗಳನ್ನು ಕೂಡಿಸುವವನು ಮೊದಲು ಯಾರ ಬಗ್ಗೆ ತಿಳಿಯಬೇಕು ಅಂತ ಕೇಳಿದ್ದೆಯಲ್ಲ. ನನ್ನನ್ನು ಕೇಳಿದರೆ, ಸರ್ ವಾಲ್ಟರ್ ಎಲಿಯಟ್.

1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ ಕಥೆ ನಿನಗೆ ಗೊತ್ತು. ಆಗ ಚೆನ್ನಮ್ಮನ ಕಡೆಯವರು ಇಬ್ಬರು ಬ್ರಿಟಿಷ್ ಅಧಿಕಾರಿಗಳನ್ನು ಸೆರೆ ಹಿಡಿದರು. ಒಬ್ಬ ಸ್ಟೀವನ್ಸನ್, ಇನ್ನೊಬ್ಬ ಇದೇ ಎಲಿಯಟ್. ಆಗಿನ್ನೂ 21 ವರ್ಷದ ಹುಡುಗ. ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ಕಿತ್ತೂರಿನ ಕಥೆ ಹೇಳುವಾಗ ನಾವು ಅವನನ್ನು ಅಲ್ಲಿಗೇ ಬಿಟ್ಟುಬಿಡುತ್ತೇವೆ. ಅವನ ನಿಜವಾದ ಕೆಲಸ ಶುರುವಾಗಿದ್ದು ಆಮೇಲೆ.

ಬಿಡುಗಡೆಯಾದ ಮೇಲೂ ಅವನು ಧಾರವಾಡ ಸೀಮೆಯಲ್ಲೇ ವರ್ಷಗಟ್ಟಲೆ ಇದ್ದ. ಹಳಗನ್ನಡ ಓದಬಲ್ಲ ನಮ್ಮವರ ನೆರವಿನಿಂದ ಊರೂರಿನ ಶಾಸನಗಳನ್ನು ನಕಲು ಮಾಡಿಸಿದ. ಒಟ್ಟು 595 ಶಾಸನ! ಆ ಓದುಗರ ಹೆಸರುಗಳೂ ಎಲಿಯಟ್‌ನ ಹೆಸರಿನಷ್ಟೇ ಪರಿಚಿತವಾಗಿರಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಈ ನಕಲುಗಳ ಆಧಾರದ ಮೇಲೆ ಚಾಲುಕ್ಯರ ಬಗ್ಗೆ ಅವನು ಬರೆದ ಲೇಖನ 1837ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಶಾಸನಕ್ಕೂ ನಾಣ್ಯಕ್ಕೂ ಏನು ಸಂಬಂಧ ಅಂತೀಯಾ? ಹೊಯ್ಸಳರ ಒಂದು ಹೊನ್ನನ್ನೇ ತಗೋ. ನಾಲ್ಕು ಗ್ರಾಂ ಆಸುಪಾಸಿನ ಪುಟ್ಟ ಬಂಗಾರ. ಒಂದು ಕಡೆ ಸಿಂಹ, ಇನ್ನೊಂದು ಕಡೆ ಕನ್ನಡ ಅಕ್ಷರ: ಶ್ರೀ ತಳಕಾಡುಗೊಂಡ. ಅಷ್ಟೇ. ರಾಜನ ಹೆಸರಿಲ್ಲ, ಇಸವಿ ಇಲ್ಲ. ತಳಕಾಡು ಗೆದ್ದವನು ಯಾರು? ನಾಣ್ಯವನ್ನು ಎಷ್ಟು ಹೊತ್ತು ಭೂತಗನ್ನಡಿಯಲ್ಲಿ ನೋಡಿದರೂ ಉತ್ತರ ಸಿಗುವುದಿಲ್ಲ. ಅದನ್ನು ಹೇಳುವುದು ಕಲ್ಲು. ಚೋಳರಿಂದ ತಳಕಾಡನ್ನು ಕಿತ್ತುಕೊಂಡ ವಿಷ್ಣುವರ್ಧನನ ಬಿರುದು ಅದು ಅಂತ ಶಾಸನಗಳು ಸಾರುತ್ತವೆ. ಆ ಗೆಲುವು 1116ರ ಹೊತ್ತಿನದು. ನೊಳಂಬವಾಡಿಗೊಂಡ ಅನ್ನುವ ಹೊನ್ನೂ ಅವನದೇ. ಕಲ್ಲನ್ನೂ ಲೋಹವನ್ನೂ ಒಟ್ಟಿಗೆ ಓದುವ ಈ ಅಭ್ಯಾಸವನ್ನು ದಕ್ಷಿಣದ ನಾಣ್ಯಗಳ ವಿಷಯದಲ್ಲಿ ಎಲಿಯಟ್‌ನಷ್ಟು ಗಟ್ಟಿಯಾಗಿ ಹಾಕಿಕೊಟ್ಟವರು ಆ ಕಾಲದಲ್ಲಿ ಕಡಿಮೆ. ಅದಕ್ಕೇ ಅವನು ನನಗೆ ದೊಡ್ಡವನು. ಬರೀ ಕೂಡಿಸಿದವರು ಬೇಕಾದಷ್ಟು ಜನ ಇದ್ದರು.

ಮುಂದೆ ಮದ್ರಾಸಿನಲ್ಲಿ ದೊಡ್ಡ ಹುದ್ದೆಗೇರಿ, 1860ರಲ್ಲಿ ನಿವೃತ್ತನಾಗಿ ಸ್ಕಾಟ್ಲೆಂಡಿಗೆ ಮರಳಿದ. ಕೊನೆಗಾಲಕ್ಕೆ ಕಣ್ಣು ಹೋಯಿತು. ಆದರೂ ದಕ್ಷಿಣ ಭಾರತದ ನಾಣ್ಯಗಳ ಮೇಲಿನ ದೊಡ್ಡ ಪುಸ್ತಕವನ್ನು ಬಿಡಲಿಲ್ಲ. ಅವನು ಸತ್ತದ್ದು 1887ರಲ್ಲಿ; ಪುಸ್ತಕ ಹೊರಬಂದಿದ್ದು ಅದಕ್ಕೆ ಸ್ವಲ್ಪವೇ ಮುಂಚೆ. ಬರೀ ಬೆರಳಿನಿಂದ ತಡವಿ ತನ್ನ ವರಾಹಗಳ, ಅಂದರೆ ಬಂಗಾರದ ನಾಣ್ಯಗಳ, ಗುರುತು ಹಿಡಿಯುತ್ತಿದ್ದನೋ ಏನೋ ಅಂತ ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

ಅವನ ನಾಣ್ಯಗಳು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ನಮ್ಮ ಮಣ್ಣಿನ ಹೊನ್ನು ಅಷ್ಟು ದೂರ ಇರುವುದು ನನಗೆ ನೋವಿನ ಸಂಗತಿ. ಇಲ್ಲೇ ಉಳಿದ ಎಷ್ಟೋ ಹೊನ್ನು ಅಕ್ಕಸಾಲಿಗರ ಮೂಸೆಯಲ್ಲಿ ಕರಗಿಹೋಯಿತು ಅನ್ನುವುದೂ ಅಷ್ಟೇ ನೋವಿನ ಸಂಗತಿ.

ನಿನಗೆ ನಾನು ಹೇಳುವುದು ಇಷ್ಟೇ. ಮೊನ್ನೆ ಕೊಂಡೆ ಅಂದೆಯಲ್ಲ, ಆ ವಿಜಯನಗರದ ತಾಮ್ರದ ಕಾಸುಗಳು, ಅವು ಯಾವ ಊರಲ್ಲಿ ಸಿಕ್ಕವು ಅಂತ ಮಾರಿದವನನ್ನು ಕೇಳು. ಅವನಿಗೆ ಮರೆತುಹೋಗುವ ಮುಂಚೆ ಕೇಳು. ಊರಿನ ಹೆಸರನ್ನು ಲಕೋಟೆಯ ಮೇಲೆ ಬರಿ. ಆಮೇಲೆ ಎರಡೂ ಮುಖದ ಫೋಟೋ ಕಳಿಸು, ಅಕ್ಷರಗಳನ್ನು ಕೂತು ಓದೋಣ.

ನಿನ್ನ,
ಶ್ರೀಧರ