ಅಮ್ಮ, ಮೀನು ಚಳೀಲೂ ತಿನ್ನತ್ತೆ

ಅಮ್ಮ,

ಮಾತಾಡ್ತಾ ಮಾತಾಡ್ತಾ ಫೋನ್ ಇಟ್ಬಿಟ್ಟೆ ಅಂತ ಬೇಜಾರು ಮಾಡ್ಕೋಬೇಡ, ನದಿಗೆ ಹೋಗೋ ವ್ಯಾನ್ ಬಂದ್ಬಿಟ್ಟಿತ್ತು. ಇಷ್ಟು ಚಳೀಲಿ ರಾತ್ರಿ ಹೊತ್ತು ಯಾಕೋ ಹೋಗ್ತೀಯ ಅಂದ್ಯಲ್ಲ, ನಾವು ಅಧ್ಯಯನ ಮಾಡೋ ಟ್ರೌಟ್ ಅನ್ನೋ ತಣ್ಣೀರಿನ ಮೀನಿನ ಮರಿಗಳು ಈಗ ಸಿಗೋದೇ ರಾತ್ರಿ. ನೀರು ಸುಮಾರು 8 ಡಿಗ್ರಿಗಿಂತ ಕೆಳಗೆ ಇಳೀತು ಅಂದ್ರೆ ಹಗಲೆಲ್ಲಾ ಹೆಚ್ಚಾಗಿ ಕಲ್ಲಿನ ಸಂದೀಲೇ ಅಡಗಿರ್ತವೆ, ಮೈ ತಣ್ಣಗಾದ ಮೀನು ಜೋರಾಗಿ ಈಜಕ್ಕಾಗಲ್ಲ, ನೀರುನಾಯಿ ಥರದ ಬಿಸಿರಕ್ತದ ಪ್ರಾಣಿ ಕಣ್ಣಿಗೆ ಬಿದ್ರೆ ಮುಗೀತು ಕತೆ, ಅದಕ್ಕೇ ಕತ್ತಲಾದ್ಮೇಲೆ ಹೊರಗೆ ಬರೋದು.

ನಿನ್ನೆ ನೀರು 1 ಡಿಗ್ರಿ. ಟಾರ್ಚ್ ಬಿಟ್ರೆ ಬೆರಳುದ್ದದ ಮರಿಯೊಂದು ತಳದಲ್ಲಿ ಸುಮ್ನೆ ನಿಂತಿತ್ತು, ಕೈಬಲೆ ಹತ್ರ ಹೋದ್ರೂ ಓಡ್ಲಿಲ್ಲ. ಅದನ್ನ ಮಂಪರು ಬರೋ ಔಷಧಿ ಹಾಕಿದ ಬಕೆಟ್ಟಲ್ಲಿ ಬಿಟ್ಟು, ಆಮೇಲೆ ಬಾಯೊಳಗೆ ಸಣ್ಣ ಟ್ಯೂಬ್ ಇಟ್ಟು ನೀರು ಹಾಯಿಸಿದ್ರೆ ಹೊಟ್ಟೇಲಿರೋದು ಹೊರಗೆ ಬರತ್ತೆ (ಮುಖ ಕಿವುಚಬೇಡ, ಎಚ್ಚರ ಆದ್ಮೇಲೆ ವಾಪಸ್ ನದಿಗೇ ಬಿಡ್ತೀವಿ). ಬಿಳಿ ತಟ್ಟೇಲಿ ಬಿದ್ದಿದ್ದು ಎರಡು ಮೇಫ್ಲೈ ಮರಿಹುಳ, ಮರಳಿಂದ ಗೂಡು ಕಟ್ಕೊಂಡಿರೋ ಕ್ಯಾಡಿಸ್ ಹುಳ ಒಂದು, ಗೂಡಿನ ಸಮೇತ ನುಂಗಿದೆ ಕಳ್ಳ! ಚಳಿಗಾಲದಲ್ಲಿ ಮೀನು ಉಪವಾಸ ಅಂತಾರಲ್ಲ, ಹಂಗೇನಿಲ್ಲ. ಆದ್ರೆ ಇಷ್ಟು ತಣ್ಣೀರಲ್ಲಿ ಜೀರ್ಣ ಆಗೋದೇ ನಿಧಾನ, ಹೊಟ್ಟೇಲಿ ಏನೋ ಇದೆ ಅಂದ್ಮಾತ್ರಕ್ಕೆ ಚೆನ್ನಾಗಿ ತಿಂತಿದೆ ಅನ್ನಕ್ಕಾಗಲ್ಲ, ಎಷ್ಟೋ ದಿನದ ಹಿಂದೆ ನುಂಗಿದ್ದೂ ಇರಬಹುದು.

ಆಮೇಲೆ ತೂಕ. ಗ್ರಾಮನ್ನ 100ರಿಂದ ಗುಣಿಸಿ, ಸೆಂಟಿಮೀಟರ್ ಉದ್ದದ ಘನದಿಂದ ಭಾಗಿಸ್ತೀವಿ, 1ರ ಹತ್ರ ಬಂದ್ರೆ ಮೈಕಟ್ಟು ಪರವಾಗಿಲ್ಲ ಅಂತ. ಈ ಮರಿ 8 ಸೆಂಟಿಮೀಟರ್, 4.6 ಗ್ರಾಂ, ಅಂದ್ರೆ 0.9. ನಂಗಂತೂ ಈ ಲೆಕ್ಕದ ಮೇಲೆ ಪೂರ್ತಿ ನಂಬಿಕೆ ಇಲ್ಲ, ಯಾಕಂದ್ರೆ ಕೊಬ್ಬು ಕರಗಿದಷ್ಟೂ ಮೈಯಲ್ಲಿ ನೀರಿನ ಪಾಲು ಜಾಸ್ತಿ ಆಗತ್ತೆ, ತಕ್ಕಡಿಗೆ ಗೊತ್ತೇ ಆಗಲ್ಲ. ಅದೂ ಎಷ್ಟೋ ಸಲ ಜಾಸ್ತಿ ಕರಗೋದು ಚಳಿ ಶುರುವಾದಾಗಲೇ. ಚಿಕ್ಕ ಮರಿಗೆ ಕೂಡಿಟ್ಟಿದ್ದೂ ಕಮ್ಮಿ, ಅದರ ಮೈಗೆ ಹೋಲಿಸಿದ್ರೆ ಖರ್ಚೂ ಜಾಸ್ತಿ. ನದಿ ಮೇಲೆ ಗಟ್ಟಿ ಐಸ್ ಕಟ್ಟಿದ್ರೆ ಅಡಿಯಲ್ಲಿ ಕತ್ತಲೆ, ನೆಮ್ಮದಿಯಾಗಿರ್ತಿದ್ವು, ಈ ಸಲ ಅದು ಕಟ್ಟೋದು ಒಡೆಯೋದು ಇದೇ ಆಯ್ತು.

ಹಾಂ, ನನ್ನ ತೂಕ ಕೇಳಿದ್ಯಲ್ಲ, ಒಂಚೂರೂ ಇಳಿದಿಲ್ಲ. ಈ ಪತ್ರ ಮಾತ್ರ ಅಕ್ಕಂಗೆ ತೋರಿಸ್ಬೇಡ, ಹಂಗಾದ್ರೆ ಅದೆಲ್ಲ ನೀರೇ ಅಂತಾಳೆ.

ನಿನ್ನ ಮಗ