ಹೆಸರಘಟ್ಟದ ಮಣ್ಣುದಾರಿಗೆ ಡಾಂಬರು ಬೇಡ

ಮಾನ್ಯರೇ,

ಅರ್ಕಾವತಿಗೆ ಅಡ್ಡಲಾಗಿ ಕಟ್ಟಿ, 1894ರ ಸುಮಾರಿಗೆ ಬೆಂಗಳೂರಿಗೆ ನೀರು ಕೊಡತೊಡಗಿದ ಹೆಸರಘಟ್ಟ ಕೆರೆಯ ಆಸುಪಾಸಿನ ಸಮತಟ್ಟು ಮಣ್ಣುದಾರಿಗಳಲ್ಲಿ ಭಾನುವಾರ ಬೆಳಿಗ್ಗೆ ಸೈಕಲ್ ತುಳಿಯುವವರಲ್ಲಿ ನಾನೂ ಒಬ್ಬ. ಸುಮಾರು 40 ಮಿಲಿಮೀಟರ್ ಅಗಲದ, ಗಾಳಿ ತುಸು ಕಡಿಮೆ ತುಂಬಿದ ಗ್ರಾವೆಲ್ ಸೈಕಲ್ಲಿನ (ಕಚ್ಚಾ ದಾರಿಗೆಂದೇ ಮಾಡಿದ ಸೈಕಲ್) ಟಯರಿಗೆ ಜಲ್ಲಿಯಾಗಲಿ ಗರಸಾಗಲಿ ತೊಡಕಲ್ಲವಾದ್ದರಿಂದ, ಈ ದಾರಿಗಳಿಗೆ ಡಾಂಬರು ಹಾಕಬೇಕೆಂಬ ಬೇಡಿಕೆ ನಮ್ಮ ಹೆಸರಿನಲ್ಲಿ ಬರುವುದು ಬೇಡ. (ಡಾಂಬರಿನ ಹಿಂದೆಯೇ ಕಾರುಗಳು ಬರುತ್ತವೆ.) ಆದರೆ ಸವಾರರಲ್ಲಿ ಕೆಲವರು ದಾರಿ ಬಿಟ್ಟು ಹುಲ್ಲುಗಾವಲಿಗೆ ನುಗ್ಗುವುದೂ ಸರಿಯಲ್ಲ, ನೆಲಗುಬ್ಬಿಯಂಥ ಹಕ್ಕಿಗಳು ಗೂಡು ಕಟ್ಟುವುದು ನೆಲದ ಮೇಲೆಯೇ, ಮತ್ತು ಹಸಿ ಮಣ್ಣಿನಲ್ಲಿ ಮೂಡಿದ ಚಕ್ರದ ಜಾಡು ಮಳೆನೀರು ಹರಿದು ಕೊರಕಲಾಗುತ್ತದೆ. ಸಂಬಂಧಪಟ್ಟ ಇಲಾಖೆಯು ಈಗಿರುವ ಬಂಡಿದಾರಿಗಳನ್ನಷ್ಟೇ ಗುರುತಿಸಿ, ತಿರುವುಗಳಲ್ಲಿ ಕಲ್ಲು ನೆಟ್ಟು, ಜೋರು ಮಳೆಯಾದ ಮೇಲೆ ಎರಡು ದಿನ ಸವಾರಿ ನಿಲ್ಲಿಸಿದರೆ ಸಾಕು.

– ಒಬ್ಬ ಸೈಕಲ್ ಸವಾರ, ಬೆಂಗಳೂರು