ಟಿಟಿಕಾಕಾ ‘ಅತಿ ಎತ್ತರದ ಸರೋವರ’ವಲ್ಲ

ಮಾನ್ಯರೆ,

ಪ್ರವಾಸ ಲೇಖನಗಳಲ್ಲಿ ಟಿಟಿಕಾಕಾವನ್ನು ‘ಜಗತ್ತಿನ ಅತಿ ಎತ್ತರದ ಸರೋವರ’ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಇದು ಸರಿಯಲ್ಲ, ಟಿಬೆಟ್‌ನ ನಾಮ್‌ತ್ಸೊ ಇನ್ನೂ ಎತ್ತರದಲ್ಲಿದೆ. ಪೆರು ಮತ್ತು ಬೊಲಿವಿಯಾ ಹಂಚಿಕೊಂಡಿರುವ, ಸಮುದ್ರಮಟ್ಟದಿಂದ ಸುಮಾರು 3,810 ಮೀಟರ್ ಎತ್ತರದಲ್ಲಿ 8,000 ಚದರ ಕಿಲೊಮೀಟರ್‌ಗೂ ಹೆಚ್ಚು ಹರಡಿರುವ ಈ ಸರೋವರದ ನಿಜವಾದ ವಿಶೇಷವಿರುವುದು ಅದರ ನೀರಿನ ಲೆಕ್ಕದಲ್ಲಿ: ಆಂಡೀಸ್ ಪರ್ವತಗಳಿಂದ ಹಲವು ನದಿಗಳು ಬಂದು ಸೇರಿದರೂ ಹೊರಹರಿಯುವುದು ದೆಸಾಗ್ವಾದೆರೊ ಎಂಬ ಒಂದೇ ನದಿ, ಅದೂ ಅಲ್ಪ ಪಾಲನ್ನಷ್ಟೇ ಹೊತ್ತು, ಉಳಿದ ಬಹುಪಾಲು ಬಿಸಿಲು ಗಾಳಿಗೆ ಆವಿಯಾಗಿ ಹೋಗುತ್ತದೆ. ಆದ್ದರಿಂದಲೇ ಮಳೆ ಕೈಕೊಟ್ಟ ವರ್ಷಗಳಲ್ಲಿ ಅದರ ಮಟ್ಟ ಬೇಗ ಕುಸಿಯುತ್ತದೆ.

ಪುನೊ ನಗರದಿಂದ ದೋಣಿಯಲ್ಲಿ ತಲುಪಬಹುದಾದ ಉರೊ ಜನರು ಟೊಟೊರಾ ಜೊಂಡಿನಿಂದ ಕಟ್ಟಿಕೊಂಡ ತೇಲುವ ದ್ವೀಪಗಳನ್ನು ಎಲ್ಲರೂ ಬಣ್ಣಿಸುತ್ತಾರೆ. ಆದರೆ ತಳದ ಜೊಂಡು ಕೊಳೆತಂತೆಲ್ಲ ಮೇಲೆ ಹೊಸ ಜೊಂಡನ್ನು ಹಾಸುತ್ತಲೇ ಇರಬೇಕಾದ ಅವರ ದುಡಿಮೆಯನ್ನು ಹೇಳುವವರು ಕಡಿಮೆ. ಇದೇ ಸರೋವರದ ಟಕಿಲೆ ದ್ವೀಪದ ನೇಯ್ಗೆಗೆ 2005ರಲ್ಲೇ ಯುನೆಸ್ಕೊ ಮನ್ನಣೆ ದೊರೆತಿದೆ. ಅಲ್ಲಿ ಟೋಪಿ ಹೆಣೆಯುವವರು ಗಂಡಸರು. ಬೊಲಿವಿಯಾದ ಸೂರ್ಯದ್ವೀಪದಲ್ಲಿ ಇಂಕಾ ಅವಶೇಷಗಳಿವೆ.

ಇಷ್ಟು ಎತ್ತರದಲ್ಲಿ ತಲೆನೋವು, ಉಸಿರಾಟದ ತೊಂದರೆ ಸಾಮಾನ್ಯವಾದ್ದರಿಂದ, ಮೊದಲ ಒಂದೆರಡು ದಿನ ವಿಶ್ರಾಂತಿ ಅಗತ್ಯವೆಂಬುದನ್ನು ಲೇಖಕರು ತಪ್ಪದೆ ತಿಳಿಸಬೇಕು.

ಇಂತು,
ಒಬ್ಬ ಓದುಗ